ನೆಡುವುದು ನಮ್ಮ ಪಾಲು: ಕ್ರೈಸ್ತ ವಿಶ್ವಾಸಿ ಗುರಿ ಇಟ್ಟುಕೊಳ್ಳುವ ಕ್ರಮ

ವರ್ಷದ ಮೊದಲ ಆರಾಧನೆ ಮುಗಿಸಿ ಬಂದ ರಾತ್ರಿಯೇ ಡೈರಿಯಲ್ಲಿ ಹತ್ತು ಗುರಿ ಬರೆದು, ಮಾರ್ಚ್ ಹೊತ್ತಿಗೆ ಆ ಡೈರಿ ಎಲ್ಲಿದೆ ಎಂದೇ ಮರೆತುಬಿಡುವುದು ವಿಶ್ವಾಸಿಗಳಲ್ಲೂ ಸಾಮಾನ್ಯ. ಇನ್ನು ಕೆಲವರದು ತದ್ವಿರುದ್ಧ ದಾರಿ. ‘ಎಲ್ಲವೂ ದೇವರ ಚಿತ್ತ, ನಾವು ಯೋಜನೆ ಹಾಕುವುದೇ ಅವಿಶ್ವಾಸ’ ಎಂದು ಕೈಕಟ್ಟಿ ಕೂರುತ್ತಾರೆ. ಇವರು ಹೆಚ್ಚಾಗಿ ಎತ್ತಿ ತೋರಿಸುವುದು ಯಾಕೋಬನ ಪತ್ರಿಕೆಯ 4ನೇ ಅಧ್ಯಾಯವನ್ನು. ಆದರೆ ಅಲ್ಲಿ ಬೈಸಿಕೊಂಡವರು ಯೋಜನೆ ಹಾಕಿದ್ದಕ್ಕೆ ಬೈಸಿಕೊಂಡವರಲ್ಲ. ಯಾವ ಪಟ್ಟಣ, ಎಷ್ಟು ದಿನ, ಎಷ್ಟು ಲಾಭ ಎಂದು ನಾಳೆಯೇ ತಮ್ಮ ಜೇಬಿನಲ್ಲಿರುವಂತೆ ಕೊಚ್ಚಿಕೊಂಡವರು ಅವರು. ಅವರಿಗೆ ಕೊಟ್ಟ ತಿದ್ದುಪಡಿಯನ್ನು ಗಮನವಿಟ್ಟು ಓದಿ: ಕರ್ತನ ಚಿತ್ತವಾದರೆ ನಾವು ಬದುಕಿದ್ದು ಇದನ್ನೋ ಅದನ್ನೋ ಮಾಡುವೆವು. ‘ಇದನ್ನೋ ಅದನ್ನೋ’ ಎಂಬ ಮಾತು ಉಳಿದೇ ಇದೆ, ಅಂದರೆ ಯೋಜನೆ ರದ್ದಾಗಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸು ಹೇಳಿದ್ದು (ಲೂಕ 14:28) ಶಿಷ್ಯತ್ವದ ಬೆಲೆಯ ಬಗ್ಗೆ. ಆದರೂ ಲೆಕ್ಕ ಹಾಕದವನು ನಗೆಪಾಟಲಾಗುತ್ತಾನೆ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಆಧಾರವಾಗಿ ಇಟ್ಟುಕೊಂಡೇ ಆ ಮಾತು ನಿಂತಿದೆ.

ಇಲ್ಲಿ ಹೇಳಹೊರಟಿರುವ ಕ್ರಮವೆಲ್ಲ 1 ಕೊರಿಂಥ 3:6ರ ಮೇಲೆ ನಿಂತಿದೆ. ಕೊರಿಂಥದ ಸಭೆಯನ್ನು ಪೌಲ ನೆಟ್ಟ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ದೇವರು. ನೆಡುವ ದಿನ, ನೀರು ಹಾಕುವ ಹೊತ್ತು, ಎಷ್ಟು ಕೊಡ ಎಂಬುದನ್ನೆಲ್ಲ ನಾವು ಖಚಿತವಾಗಿ ಬರೆದುಕೊಳ್ಳಬಹುದು, ಬರೆದುಕೊಳ್ಳಲೂಬೇಕು. ಬೆಳೆಯನ್ನು ಮಾತ್ರ ನಮ್ಮ ಪಟ್ಟಿಗೆ ಸೇರಿಸಿಕೊಳ್ಳಬಾರದು. ಕ್ರೈಸ್ತರ ಗುರಿಗಳು ಮುಗ್ಗರಿಸುವುದು ಬಹುತೇಕ ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದರಿಂದ.

ಬರೆಯುವ ಮೊದಲು ಒಂದು ವಾರ

ಯೆರೂಸಲೇಮಿನ ಗೋಡೆ ಬಿದ್ದಿದೆಯೆಂಬ ಸುದ್ದಿ, ಪಾರಸಿಯ ಅರಸನ ಪಾನಸೇವಕನಾಗಿದ್ದ ಯೆಹೂದ್ಯ ನೆಹೆಮೀಯನಿಗೆ ತಲುಪಿದ್ದು ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಅವನು ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು 4 ತಿಂಗಳು ಪ್ರಾರ್ಥನೆ, ಉಪವಾಸ. ಆದರೆ ಅರಸ ‘ನಿನಗೇನು ಬೇಕು’ ಎಂದ ಕ್ಷಣ ಅವನ ಬಳಿ ಉತ್ತರ ತಯಾರಿತ್ತು: ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಯಾರಿಂದ ಬೇಕು. ಆ 4 ತಿಂಗಳು ಪ್ರಾರ್ಥಿಸುತ್ತಲೇ ಅವನು ಲೆಕ್ಕವನ್ನೂ ಹಾಕಿರಬೇಕು. ಊರು ಮುಟ್ಟಿದ ಮೇಲೂ ಯಾರಿಗೂ ಹೇಳದೆ, ಕೆಲವೇ ಜನರೊಂದಿಗೆ ರಾತ್ರಿ ಸುತ್ತಾಡಿ ಗೋಡೆ ಎಲ್ಲೆಲ್ಲಿ ಬಿದ್ದಿದೆ ಎಂದು ಕಣ್ಣಾರೆ ನೋಡಿದ. ಗೋಡೆ 52 ದಿನದಲ್ಲಿ ಎದ್ದು ನಿಂತಿತು ಎಂದು ಎಲ್ಲರೂ ಹೇಳುತ್ತಾರೆ, ಅದರ ಹಿಂದಿನ 4 ತಿಂಗಳು ಯಾರ ಬಾಯಲ್ಲೂ ಬರುವುದಿಲ್ಲ.

ನಮಗೆ 4 ತಿಂಗಳು ಬೇಡ, 7 ದಿನ ಸಾಕು. ದಿನಕ್ಕೆ 20 ನಿಮಿಷ, ಒಂದು ನೋಟ್‌ಬುಕ್, ಒಂದು ಪೆನ್ನು. ಮೊದಲ 3 ದಿನ ಗುರಿಯ ಮಾತೇ ಎತ್ತಬೇಡಿ. ಬಿದ್ದ ಗೋಡೆ ನೋಡಿ ಬರುವುದಷ್ಟೇ ಕೆಲಸ. ಮೊದಲ ದಿನ ಕಳೆದ ತಿಂಗಳ ಹಣ ಎಲ್ಲಿಗೆ ಹೋಯಿತೆಂದು ಬ್ಯಾಂಕ್ ಖಾತೆಯ ವಿವರ ತೆಗೆದು ನೋಡಿ, ನೆನಪಿನಿಂದ ಬರೆಯಬೇಡಿ. ಎರಡನೆಯ ದಿನ ಸಮಯ: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್‌ಗೆ ಎಷ್ಟು ಗಂಟೆ ಹೋಗಿದೆ ಎಂಬ ಲೆಕ್ಕ ಸಿಗುತ್ತದೆ, ಅದನ್ನು ಹಾಗೆಯೇ ಬರೆದಿಡಿ. ಮೂರನೆಯ ದಿನ ಜನ: ಮನೆಯವರು, ಸಭೆಯವರು, ಜೊತೆ ಕೆಲಸ ಮಾಡುವವರು. ಯಾರ ಹೆಸರು ಬರೆಯುವಾಗ ಪೆನ್ನು ತಡೆಯುತ್ತದೆಯೋ ಅದರ ಮುಂದೆ ಒಂದು ಚುಕ್ಕಿ ಇಡಿ. ನಿಮ್ಮ ಸಂಪತ್ತು ಎಲ್ಲಿದೆಯೋ ಅಲ್ಲೇ ನಿಮ್ಮ ಮನಸ್ಸೂ ಇರುತ್ತದೆ ಎಂಬ ಮಾತು (ಮತ್ತಾಯ 6:21) ಈ ಮೂರು ಪುಟಗಳಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಮುಜುಗರವಾಗುತ್ತದೆ, ಆಗಲಿ.

ನಾಲ್ಕನೆಯ ದಿನ ಕೀರ್ತನೆ 139ರ ಕೊನೆಯ ಎರಡು ವಚನಗಳನ್ನು ಓದಿ, ಆ ಮೂರು ಪುಟಗಳನ್ನು ದೇವರ ಮುಂದಿಟ್ಟು ಸುಮ್ಮನೆ ಕೂರಿ. ಐದು ಮತ್ತು ಆರನೆಯ ದಿನ ಮನಸ್ಸಿಗೆ ಬಂದ ಆಸೆಗಳನ್ನೆಲ್ಲ ಅಡೆತಡೆಯಿಲ್ಲದೆ ಬರೆಯಿರಿ. ‘ಆತ್ಮಿಕ’ವಾದದ್ದನ್ನೇ ಬರೆಯಬೇಕೆಂದಿಲ್ಲ. ಸಾಲ ತೀರಿಸುವುದು, ಬೆನ್ನುನೋವಿಗೆ ವ್ಯಾಯಾಮ, ಹೊಸ ಭಾಷೆ, ಎಲ್ಲವೂ ಬರಲಿ. ಯೇಸು ಜ್ಞಾನದಲ್ಲಿಯೂ ದೇಹದ ಬೆಳವಣಿಗೆಯಲ್ಲಿಯೂ ಬೆಳೆದು ದೇವರ ಮತ್ತು ಜನರ ದಯೆಗೆ ಪಾತ್ರನಾದನೆಂದು ಲೂಕ 2:52 ಹೇಳುತ್ತದೆ. ಬುದ್ಧಿ, ದೇಹ, ದೇವರು, ಜನ ಎಂಬ ಈ ನಾಲ್ಕರಲ್ಲಿ ಯಾವುದಾದರೂ ಒಂದು ಪೂರ್ತಿ ಖಾಲಿ ಬಿದ್ದಿದೆಯೇ ಎಂದು ಆಮೇಲೆ ನೋಡಿಕೊಳ್ಳಿ. ನಾಲ್ಕಕ್ಕೂ ಒಂದೊಂದು ಗುರಿ ಬೇಕೇ ಬೇಕು ಎಂದು ಹಟ ಹಿಡಿಯುವುದು ಬೇಡ.

ಏಳನೆಯ ದಿನ ಜರಡಿ. ಮೊದಲು ಪಟ್ಟಿಯಿಂದ ಹೊರಗೆ ಹಾಕಬೇಕಾದದ್ದು ಬಾಕಿ ಉಳಿದಿರುವ ವಿಧೇಯತೆ. ಮಾತು ಬಿಟ್ಟ ಸಹೋದರನೊಡನೆ ಸಮಾಧಾನವಾಗುವುದು, ಇಸಿದುಕೊಂಡದ್ದನ್ನು ಹಿಂದಿರುಗಿಸುವುದು, ಹೇಳಿದ ಸುಳ್ಳನ್ನು ಒಪ್ಪಿಕೊಳ್ಳುವುದು ಇವೆಲ್ಲ ವರ್ಷದ ಗುರಿಗಳಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಹೇಳಿರುವಾಗ (ಮತ್ತಾಯ 5:24) ಅದಕ್ಕೆ ಡಿಸೆಂಬರ್ ಗಡುವು ಹಾಕುವುದು ನುಣುಚಿಕೊಳ್ಳುವ ಉಪಾಯವಷ್ಟೇ. ಅವನ್ನು ಬೇರೆ ಹಾಳೆಗೆ ಬರೆದು ಅದೇ ವಾರ ಮುಗಿಸಿ. ಚುಕ್ಕಿ ಇಟ್ಟ ಹೆಸರುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಉಳಿದ ಆಸೆಗಳ ಮುಂದೆ ಒಂದು ಪ್ರಶ್ನೆ ಹಾಕಿ: ಇದು ಕೈಗೂಡಿ, ಯಾರಿಗೂ ಗೊತ್ತೇ ಆಗದಿದ್ದರೂ ನನಗೆ ಇದು ಬೇಕೇ? ಲೂಕ 12ರ ಐಶ್ವರ್ಯವಂತ ದೊಡ್ಡ ಕಣಜ ಕಟ್ಟಿಸಲು ಹೊರಟದ್ದಕ್ಕಿಂತ, ಆ ಕಣಜದ ಯೋಜನೆಯಲ್ಲಿ ‘ನಾನು, ನನ್ನ’ ಬಿಟ್ಟು ಇನ್ನೊಬ್ಬರು ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ.

ಮೂರು ಅಂಕಣ

ಜರಡಿಯಲ್ಲಿ ಉಳಿದವುಗಳಲ್ಲಿ 3 ಆರಿಸಿ. ಮೂರಕ್ಕಿಂತ ಹೆಚ್ಚು ಬೇಡ. ಅವಧಿ 12 ವಾರ, 13ನೆಯ ವಾರ ಬಿಡುವು ಮತ್ತು ಮರುಪರಿಶೀಲನೆ. ಹೀಗೆ ವರ್ಷಕ್ಕೆ 4 ಸುತ್ತು. ಇಡೀ ವರ್ಷದ ಗುರಿ ಕಣ್ಣಿಗೆ ದೂರ, ಆದ್ದರಿಂದ ‘ಇನ್ನೂ ಟೈಮ್ ಇದೆ’ ಎಂಬ ಮಾತು ಅಕ್ಟೋಬರ್ ತನಕ ಕೆಲಸಕ್ಕೆ ಬರುತ್ತದೆ.

ಪ್ರತಿ ಗುರಿಗೂ ಒಂದು ಪುಟ, ಪುಟದಲ್ಲಿ ಮೂರು ಅಂಕಣ: ಆಸೆ, ನನ್ನ ಕೆಲಸ, ದೇವರ ಕೈಯಲ್ಲಿರುವುದು. ಉದಾಹರಣೆಗೆ ‘ನನ್ನ ತಮ್ಮ ರಕ್ಷಣೆ ಹೊಂದಬೇಕು’, ಅಂದರೆ ಯೇಸುವನ್ನು ನಂಬಬೇಕು, ಎಂಬ ಆಸೆ. ಇದನ್ನು ಗುರಿ ಎಂದು ಬರೆದರೆ ಆರು ತಿಂಗಳಲ್ಲಿ ತಮ್ಮನಿಗೆ ನಿಮ್ಮ ಫೋನ್ ಎತ್ತುವುದೇ ಬೇಡವೆನಿಸುತ್ತದೆ, ಏಕೆಂದರೆ ಪ್ರತಿ ಮಾತೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಎರಡನೆಯ ಅಂಕಣಕ್ಕೆ ಬನ್ನಿ: ಮಂಗಳವಾರ ಮತ್ತು ಶುಕ್ರವಾರ ಅವನ ಹೆಸರು ಹಿಡಿದು ಪ್ರಾರ್ಥನೆ. ವಾರಕ್ಕೊಮ್ಮೆ ಫೋನ್, ಅದರಲ್ಲಿ ಉಪದೇಶ ಇಲ್ಲ, ಅವನ ಕೆಲಸ, ಆರೋಗ್ಯ, ಮಕ್ಕಳ ವಿಚಾರ. ಅವನೇ ಕೇಳಿದರೆ ಹೇಳಲು ನನ್ನ ಸಾಕ್ಷಿ 5 ನಿಮಿಷದಲ್ಲಿ ಮುಗಿಯುವಂತೆ ಬರೆದು ಸಿದ್ಧವಾಗಿರುವುದು. ಮೂರನೆಯ ಅಂಕಣದಲ್ಲಿ ಅವನ ನಂಬಿಕೆ. ಆ ಅಂಕಣವನ್ನು ಪ್ರಾರ್ಥನೆಯಲ್ಲಿ ಮಾತ್ರ ಮುಟ್ಟಬೇಕು.

ತಾಳ್ಮೆ, ದೀನತೆ, ಸಂತೋಷಗಳನ್ನೂ ಜನ ನೇರವಾಗಿ ಗುರಿಯಾಗಿ ಬರೆಯುತ್ತಾರೆ. ಗಲಾತ್ಯ 5:22-23ರಲ್ಲಿ ಅವು ಆತ್ಮನ ಫಲ. ಫಲಕ್ಕೆ ಗಡುವು ಹಾಕಲಾಗದು, ಬೇರಿಗೆ ನೀರು ಹಾಕಲು ಆಗುತ್ತದೆ. ‘ಮಕ್ಕಳ ಮೇಲೆ ರೇಗುವುದಿಲ್ಲ’ ಎಂದು ಬರೆಯುವ ಬದಲು ರೇಗುವುದು ಯಾವ ಹೊತ್ತಿನಲ್ಲಿ ಎಂದು ಒಂದು ವಾರ ಗುರುತು ಹಾಕಿ. ಬೆಳಿಗ್ಗೆ ಶಾಲೆಗೆ ಹೊರಡುವ ಆ 30 ನಿಮಿಷದಲ್ಲೇ ಎಂದು ಗೊತ್ತಾದರೆ, ಕೆಲಸ ಹೀಗಿರುತ್ತದೆ: ರಾತ್ರಿಯೇ ಬ್ಯಾಗ್ ಸಿದ್ಧ, 20 ನಿಮಿಷ ಮುಂಚೆ ಏಳುವುದು, ರೇಗಿದ ದಿನ ಮಲಗುವ ಮೊದಲು ಮಗುವಿನ ಬಳಿ ಕ್ಷಮೆ ಕೇಳುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದೂ ಅದೇ.

ಪ್ರಾರ್ಥನೆ ಮತ್ತು ವಾಕ್ಯ: ಲೆಕ್ಕ ತಪ್ಪುವ ಜಾಗ

‘ಪ್ರಾರ್ಥನಾ ಜೀವನ ಬಲಗೊಳ್ಳಬೇಕು.’ ಎಲ್ಲರ ಪಟ್ಟಿಯಲ್ಲೂ ಇರುವ, ಯಾರೂ ಮಾಡದ ಗುರಿ ಇದು. ಮಾಡಲು ಅದರಲ್ಲಿ ಏನೂ ಇಲ್ಲದಿರುವುದೇ ಕಾರಣ. ಇದನ್ನು ಬಿಡಿಸಿ ಬರೆದರೆ: ವಾರಕ್ಕೆ 6 ದಿನ, ಬೆಳಿಗ್ಗೆ ಮುಖ ತೊಳೆದ ತಕ್ಷಣ, ಕಿಟಕಿ ಪಕ್ಕದ ಕುರ್ಚಿಯಲ್ಲಿ, 15 ನಿಮಿಷ, ಫೋನ್ ಬೇರೆ ಕೋಣೆಯಲ್ಲಿ. ಮೊದಲು ಒಂದು ಕೀರ್ತನೆ ಗಟ್ಟಿಯಾಗಿ ಓದುವುದು, ಆಮೇಲೆ ನಿನ್ನೆಯ ಒಂದು ತಪ್ಪಿನ ಅರಿಕೆ, ಒಂದು ಸ್ತೋತ್ರ, 3 ಹೆಸರುಗಳಿಗಾಗಿ ಮಧ್ಯಸ್ಥ ಪ್ರಾರ್ಥನೆ, ಕೊನೆಗೆ ಇಂದಿನ ಕೆಲಸ. ಸಮಯ ಹೇಳುವಾಗ ‘6 ಗಂಟೆಗೆ’ ಎನ್ನುವುದಕ್ಕಿಂತ ‘ಮುಖ ತೊಳೆದ ತಕ್ಷಣ’ ಎಂದು ಈಗಾಗಲೇ ದಿನವೂ ಮಾಡುವ ಕೆಲಸಕ್ಕೆ ಕಟ್ಟಿಹಾಕುವುದು ಮೇಲು. ಒಂದು ದಿನ ತಡವಾಗಿ ಎದ್ದರೂ ಕೊಂಡಿ ಕಳಚುವುದಿಲ್ಲ. ಆರಂಭದಲ್ಲೇ ಒಂದು ಗಂಟೆ ಎಂದು ಹೊರಡುವವರ ಆರಂಭಶೂರತ್ವ ಎರಡನೆಯ ವಾರ ದಾಟುವುದು ಅಪರೂಪ.

ಕೀರ್ತನೆಗಳು 150. ದಿನಕ್ಕೊಂದು ಎಂದುಕೊಂಡವರು 119ಕ್ಕೆ ಬಂದಾಗ ಕಂಗಾಲಾಗುತ್ತಾರೆ, ಅದೊಂದರಲ್ಲೇ 176 ವಚನಗಳಿವೆ. ಅದು 8 ವಚನಗಳ 22 ಭಾಗಗಳಾಗಿ ರಚನೆಯಾಗಿರುವ ಕೀರ್ತನೆ. ದಿನಕ್ಕೊಂದು ಭಾಗದಂತೆ ಓದಿದರೆ ಆಯಿತು. ಆಗ ಒಟ್ಟು 171 ದಿನ.

ವರ್ಷದಲ್ಲಿ ಇಡೀ ಸತ್ಯವೇದ (ಬೈಬಲ್) ಓದುವ ಗುರಿಯ ಲೆಕ್ಕವನ್ನೂ ಹಾಕಿಯೇ ಬಿಡೋಣ. 66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯಗಳು. ಒಂದು ದಿನವೂ ತಪ್ಪದೆ ಓದಿದರೂ ದಿನಕ್ಕೆ 3ರಿಂದ 4 ಅಧ್ಯಾಯ. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿದು ಜನವರಿ ಕೊನೆಗೆ ಯಾಜಕಕಾಂಡಕ್ಕೆ ಕಾಲಿಡುತ್ತೀರಿ. ಬಹಳ ಮಂದಿ ನಿಲ್ಲುವುದು ಅಲ್ಲೇ. ಬಲಿಗಳ ನಿಯಮಗಳನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ ನೆರವಿಲ್ಲದೆ, ದಿನಕ್ಕೆ ಮೂರು ಅಧ್ಯಾಯದ ವೇಗದಲ್ಲಿ ಓದಿದರೆ ಯಾರಿಗಾದರೂ ಕಷ್ಟವೇ. ಮೊದಲ ಸಲದವರಿಗೆ ನಮ್ಮ ಸಲಹೆ ಹೊಸ ಒಡಂಬಡಿಕೆ. ಅಲ್ಲಿರುವುದು 260 ಅಧ್ಯಾಯ, ವಾರಕ್ಕೆ 5ರಂತೆ 52 ವಾರಕ್ಕೆ ಲೆಕ್ಕ ಸರಿಯಾಗಿ ಕೂಡುತ್ತದೆ, ವಾರದಲ್ಲಿ 2 ದಿನ ಕೈಯಲ್ಲೇ ಉಳಿಯುತ್ತದೆ. ಕಥೋಲಿಕ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ ಹಳೆಯ ಒಡಂಬಡಿಕೆಯ ಲೆಕ್ಕ ಬದಲಾಗುತ್ತದೆ, ಹೊಸ ಒಡಂಬಡಿಕೆಯದ್ದು ಅಷ್ಟೇ ಇರುತ್ತದೆ.

ತಪ್ಪಿದ ದಿನದ ಓದನ್ನು ಮರುದಿನಕ್ಕೆ ಸೇರಿಸಬೇಡಿ. ನಾಲ್ಕು ದಿನ ತಪ್ಪಿದವನ ತಲೆಯ ಮೇಲೆ ಹದಿನಾರು ಅಧ್ಯಾಯದ ಹೊರೆ ಕೂತರೆ ಐದನೆಯ ದಿನ ಅವನು ಸತ್ಯವೇದವನ್ನು ಕಂಡರೆ ಮುಖ ತಿರುಗಿಸುತ್ತಾನೆ. ಇವತ್ತಿನ ಪಾಲನ್ನು ಓದಿ ಮುಂದೆ ನಡೆಯಿರಿ. ಬಿಟ್ಟದ್ದಕ್ಕೆ ಆ 2 ಬಿಡುವಿನ ದಿನಗಳಿವೆ.

ಕೊಡುವ ವಿಷಯದಲ್ಲಿ ಕ್ರಮ ಚಿಕ್ಕದು. ಶೇಕಡಾವಾರು ಬರೆಯಿರಿ, ಮೊತ್ತ ಬೇಡ. ಆದಾಯ ಏರಿಳಿದರೂ ಗುರಿ ಸರಿಯಾಗಿಯೇ ಇರುತ್ತದೆ. ಕೈಗೆ ಹಣ ಬಂದ ದಿನವೇ ಬೇರೆ ಇಡಿ. ಕೊರಿಂಥದವರಿಗೆ ಪೌಲ ವಾರದ ಮೊದಲನೆಯ ದಿನ ತೆಗೆದಿಡಿ ಎಂದದ್ದು (1 ಕೊರಿಂಥ 16:2) ಕಡೆಗೆ ಉಳಿದದ್ದನ್ನು ಕೊಡೋಣ ಎಂದವರಿಗೆ ಏನೂ ಉಳಿದಿರುವುದಿಲ್ಲ ಎಂಬ ಅನುಭವಕ್ಕೂ ಹೊಂದುತ್ತದೆ. ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು) ತಲುಪದವರು ಈಗ ಶೇ 3 ಕೊಡುತ್ತಿದ್ದರೆ ಪ್ರತಿ ಸುತ್ತಿಗೆ ಶೇ 1 ಏರಿಸಬಹುದು.

ಗುರಿ ಬೇರೆ, ಹರಕೆ ಬೇರೆ

‘ಕರ್ತನೇ, ಈ ಪರೀಕ್ಷೆ ಪಾಸು ಮಾಡಿಸು, ನಾನು ಪ್ರತಿ ಶುಕ್ರವಾರ ಉಪವಾಸ ಮಾಡುತ್ತೇನೆ’ ಎಂದರೆ ಅದು ಗುರಿಯಲ್ಲ, ಹರಕೆ. ಅದರಲ್ಲೂ ಚೌಕಾಸಿಯ ಹರಕೆ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಮೇಲು ಎಂದು ಪ್ರಸಂಗಿ 5:5 ನೇರವಾಗಿ ಹೇಳುತ್ತದೆ. ಉಪವಾಸ ಮಾಡಬೇಕೆನಿಸಿದರೆ ಪರೀಕ್ಷೆಗೂ ಅದಕ್ಕೂ ಗಂಟು ಹಾಕದೆ ಮಾಡಿ. (ಮಧುಮೇಹ ಇರುವವರು, ಗರ್ಭಿಣಿಯರು, ದಿನವೂ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಅವರು ಫೋನನ್ನೋ ಟೀವಿಯನ್ನೋ ಬಿಡಬಹುದು.) ಪುಟದ ಭಾಷೆಯಲ್ಲೂ ಎಚ್ಚರ ಬೇಕು. ‘ದೇವರಿಗೆ ಮಾತು ಕೊಡುತ್ತೇನೆ’ ಎಂದು ಬರೆಯಬೇಡಿ. ‘ಕರ್ತನ ಚಿತ್ತವಾದರೆ, ಈ 12 ವಾರ, ಅವರ ಕೃಪೆಯಿಂದ ಇಷ್ಟು ಮಾಡಲು ಯತ್ನಿಸುತ್ತೇನೆ’ ಎಂದರೆ ಸಾಕು.

ಗೋಡೆಗೆ ಅಂಟಿಸುವ ವಚನಗಳ ಬಗ್ಗೆಯೂ ಒಂದು ಮಾತು. ನಿಮ್ಮ ಬಗ್ಗೆ ನನ್ನ ಯೋಜನೆ ಅಹಿತದ್ದಲ್ಲ, ಹಿತದ್ದು ಎನ್ನುವ ಯೆರೆಮೀಯ 29:11 ಬಾಬೆಲಿನ ಸೆರೆಯಲ್ಲಿದ್ದವರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದೂ ಇದೆ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎನ್ನುವ ಫಿಲಿಪ್ಪಿ 4:13 ಗೆಲುವಿನ ಘೋಷಣೆಯಾಗಿ ಓಡಾಡುತ್ತದೆ. ಮೇಲಿನ ಎರಡು ವಚನ ಸೇರಿಸಿ ಓದಿದರೆ ಪೌಲ ಹೇಳುತ್ತಿರುವುದು ಹಸಿದಿರುವುದಕ್ಕೂ ತೃಪ್ತನಾಗಿರುವುದಕ್ಕೂ ಬೇಕಾದ ಬಲದ ಬಗ್ಗೆ. ಬಡ್ತಿಯ ಬಗ್ಗೆ ಅಲ್ಲಿ ಏನೂ ಇಲ್ಲ.

ಜೊತೆಗಾರರು ಮತ್ತು ವಾರದ ಲೆಕ್ಕ

ಆಲೋಚನೆ ಹೇಳುವವರಿಲ್ಲದೆ ಉದ್ದೇಶಗಳು ಕೆಡುತ್ತವೆ (ಜ್ಞಾನೋಕ್ತಿ 15:22). ಒಬ್ಬರು ಸಾಕು: ನಿಮ್ಮದೇ ಲಿಂಗದವರು, ನಿಮ್ಮಿಂದ ಸಂಬಳವನ್ನೋ ಸಾಲವನ್ನೋ ಪಡೆಯದವರು, ಕೇಳಿದ್ದನ್ನು ‘ಪ್ರಾರ್ಥನಾ ವಿಷಯ’ ಎಂಬ ಹೆಸರಲ್ಲಿ ಹತ್ತು ಮಂದಿಗೆ ಹಂಚದವರು. ಕೊನೆಯ ಗುಣ ಸಿಗುವುದು ಕಷ್ಟ, ಹುಡುಕಿ. 15 ದಿನಕ್ಕೊಮ್ಮೆ ಅರ್ಧ ಗಂಟೆ. ಅವರು ಕೇಳಬೇಕಾದದ್ದು ‘ಹೇಗಿದ್ದೀರಿ’ ಎಂದಲ್ಲ, ‘12 ದಿನದಲ್ಲಿ ಎಷ್ಟು ದಿನ ಕುಳಿತಿರಿ? ಕೂರದ ದಿನ ಏನಾಯಿತು?’ ಎಂದು. ಸಭೆಯಲ್ಲಿ ಸಾಕ್ಷಿಯ ಸಮಯದಲ್ಲಿ ಗುರಿಗಳನ್ನು ಸಾರಬೇಡಿ. ಚಪ್ಪಾಳೆ ಮೊದಲೇ ಸಿಕ್ಕಿಬಿಟ್ಟರೆ ಕೆಲಸ ಅರ್ಧ ಮುಗಿದಂತೆ ಅನಿಸುತ್ತದೆ.

ಇನ್ನು, ‘ನಿನ್ನ ಮದುವೆ, ನಿನ್ನ ಹಣ, ನಿನ್ನ ಕೆಲಸದ ಬಗ್ಗೆ ದೇವರು ನನಗೆ ತಿಳಿಸಿದ್ದಾರೆ, ನೀನು ಪ್ರಶ್ನಿಸಬಾರದು’ ಎನ್ನುವವರು ಎಷ್ಟೇ ದೊಡ್ಡ ಸೇವಕರಾಗಿರಲಿ, ಅಂಥ ಮಾತನ್ನು ಇನ್ನಿಬ್ಬರು ಪ್ರೌಢ ವಿಶ್ವಾಸಿಗಳ ಮುಂದಿಡದೆ ಒಂದು ಹೆಜ್ಜೆಯೂ ಇಡಬೇಡಿ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನೇ ಹಿಡಿದುಕೊಳ್ಳಿ ಎಂಬುದು 1 ಥೆಸಲೋನಿಕ 5:21ರ ಅಪ್ಪಣೆ.

ವಾರದ ಲೆಕ್ಕಕ್ಕೆ 20 ನಿಮಿಷ, ಶನಿವಾರ ಸಂಜೆ ಒಳ್ಳೆಯದು. ಭಾನುವಾರವನ್ನು ಪಟ್ಟಿಯಿಂದಲೇ ಹೊರಗಿಡಿ, ಗುರಿಗಳಿಗೂ ಸಬ್ಬತ್ (ವಾರದ ವಿಶ್ರಾಂತಿ ದಿನ) ಬೇಕು. 18ನೇ ಶತಮಾನದ ಬೋಧಕ ಜೊನಾಥನ್ ಎಡ್ವರ್ಡ್ಸ್ ಹತ್ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ 70 ತೀರ್ಮಾನಗಳನ್ನು ಬರೆದಿಟ್ಟುಕೊಂಡು, ವಾರಕ್ಕೊಮ್ಮೆ ಅವನ್ನು ಓದಬೇಕೆಂದು ತನಗೆ ತಾನೇ ನೇಮಿಸಿಕೊಂಡಿದ್ದ. ಪಟ್ಟಿಯ ತಲೆಯಲ್ಲೇ ದೇವರ ಸಹಾಯವಿಲ್ಲದೆ ತನ್ನಿಂದ ಏನೂ ಆಗದೆಂದು ಬರೆದಿದ್ದ. 70 ನಮಗೆ ಬೇಡ, ವಾರಕ್ಕೊಮ್ಮೆ ಓದುವ ಅಭ್ಯಾಸ ಬೇಕು. ಎರಡನೆಯ ಅಂಕಣದ ಪ್ರತಿ ಕೆಲಸದ ಮುಂದೆ ‘6ರಲ್ಲಿ 4’ ಎಂಬಂತೆ ಅಂಕಿ ಹಾಕಿ. ವಿವರಣೆ ಬರೆಯುತ್ತಾ ಕೂರಬೇಡಿ, ಅದು ನೆಪಗಳ ಪುಟವಾಗುತ್ತದೆ.

ಅಂಕಿ ಕಡಿಮೆಯಾದಾಗ ಬರುವ ದುಃಖ ಎರಡು ಥರ. ಒಂದು ಮತ್ತೆ ಕುರ್ಚಿಯ ಬಳಿಗೆ ಕರೆತರುತ್ತದೆ, ಇನ್ನೊಂದು ಕುರ್ಚಿ ನೋಡಲೂ ನಾಚಿಕೆಯಾಗುವಂತೆ ಮಾಡುತ್ತದೆ. 2 ಕೊರಿಂಥ 7:10 ಇವೆರಡನ್ನೂ ಬೇರೆ ಬೇರೆ ಎಂದೇ ಹೇಳುತ್ತದೆ. ಎರಡನೆಯದು ಬಂದರೆ ಆ ವಾರ ಗುರಿಯನ್ನು ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. 15 ನಿಮಿಷ 7 ಆಗಲಿ.

ಗುರಿ ಕೈಗೂಡದಿದ್ದಾಗ

‘ಬಹುಶಃ ದೇವರ ಚಿತ್ತವಿರಲಿಲ್ಲ.’ ಈ ಮಾತು ನಿಜವೂ ಆಗಿರಬಹುದು, ಸೋಮಾರಿತನಕ್ಕೆ ಹೊದಿಸಿದ ಬಿಳಿ ಬಟ್ಟೆಯೂ ಆಗಿರಬಹುದು. ಯಾವುದು ಎಂದು ತಿಳಿಯಲು 12 ವಾರದ ಅಂಕಿಗಳೇ ಸಾಕ್ಷಿ. ಎರಡನೆಯ ಅಂಕಣದ ಕೆಲಸ ಹತ್ತರಲ್ಲಿ ಎಂಟು ಸಲ ನಡೆದೂ ಆಸೆ ಈಡೇರದಿದ್ದರೆ ವಿಷಯ ಮೂರನೆಯ ಅಂಕಣದ್ದು, ಅಲ್ಲಿ ಕಾಯುವುದು, ಕೇಳುವುದು, ದಾರಿ ಬದಲಿಸುವುದು ಸರಿ. ಹತ್ತರಲ್ಲಿ ಮೂರೇ ಸಲ ನಡೆದಿದ್ದರೆ ದೇವರ ಚಿತ್ತದ ಮಾತು ಆಮೇಲೆ. ಮೊದಲು ಗುರಿ ದೊಡ್ಡದಾಯಿತೇ, ಹೊತ್ತು ತಪ್ಪಾಯಿತೇ, ಮನಸ್ಸೇ ಇರಲಿಲ್ಲವೇ ನೋಡಿ. ಮನಸ್ಸಿಲ್ಲದಿದ್ದರೆ ಅದು ಬೇರೆಯವರು ನಿಮ್ಮ ತಲೆಗೆ ಕಟ್ಟಿದ ಗುರಿಯಾಗಿರಬಹುದು.

ಬಾಗಿಲು ನಿಜವಾಗಿ ಮುಚ್ಚುವುದೂ ಉಂಟು. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನ ಗುಂಪಿಗೆ ಆಸ್ಯಸೀಮೆಯಲ್ಲಿ ವಾಕ್ಯ ಹೇಳಲು ತಡೆಯಾಯಿತು, ಬಿಥೂನ್ಯಕ್ಕೂ ಹೋಗಲಾಗಲಿಲ್ಲ. ಅವರು ಮನೆಗೆ ಹಿಂದಿರುಗದೆ ತ್ರೋವದವರೆಗೆ ನಡೆದರು, ಮಕೆದೋನ್ಯಕ್ಕೆ ಬಾ ಎಂದು ಕರೆಯುವ ದರ್ಶನವಾದದ್ದು ಅಲ್ಲಿ. ಅಂದರೆ ಬಾಗಿಲು ಮುಚ್ಚಿದೆ ಎಂದು ಗೊತ್ತಾದದ್ದು ಹೋಗಿ ತಟ್ಟಿದ್ದರಿಂದ.

ದಾವೀದನ ಪ್ರಸಂಗ ಇನ್ನೂ ಹತ್ತಿರದ್ದು. ದೇವಾಲಯ ಕಟ್ಟುವ ಅವನ ಆಸೆಗೆ ಬೇಡ ಎಂಬ ಉತ್ತರ ಬಂತು, ಕಟ್ಟುವವನು ಸೊಲೊಮೋನ ಎಂದಾಯಿತು. ಆಗ ಅವನು ಕಲ್ಲು, ಕಬ್ಬಿಣ, ತಾಮ್ರ, ದೇವದಾರು ಮರ ಕೂಡಿಸಿಟ್ಟ (1 ಪೂರ್ವಕಾಲವೃತ್ತಾಂತ 22), ನಕ್ಷೆಯನ್ನೂ ಮಗನ ಕೈಗೆ ಕೊಟ್ಟ. ನಿಮ್ಮ ಪುಟಕ್ಕೂ ಇದೇ ಕ್ರಮ. ಗುರಿಯೊಂದನ್ನು ಕೈಬಿಡುವ ದಿನ ಪುಟವನ್ನು ಹರಿಯದೆ ಅದರ ಕೆಳಗೆ ಮೂರು ಸಾಲು ಬರೆಯಿರಿ: ಇದಕ್ಕಾಗಿ ಕೂಡಿಟ್ಟ ಹಣ ಎಷ್ಟಿದೆ, ಕಲಿತದ್ದು ಏನು, ಪರಿಚಯವಾದವರು ಯಾರು. ಪಕ್ಕದಲ್ಲಿ, ಇದೇ ಕೆಲಸಕ್ಕೆ ಕೈಹಾಕಿರುವ ಒಬ್ಬರ ಹೆಸರು. ಮರುವಾರ ಅವರಿಗೆ ಫೋನ್ ಮಾಡಿ.